ಕೊಟ್ಟ ನೀರು

ಕೊಳೆ ತೆಗೆಯೋದು ದೊಡ್ಡ ವಿದ್ಯೆ ಅಲ್ಲಮ್ಮ
ಅಂದಿದ್ದರು ಮುನೀರ್ ಸಾಬರು, ಮಂಡಿ ಮೊಹಲ್ಲಾದ ಅಂಗಡಿಯಲ್ಲಿ
ನಮ್ಮ ಹಳೇ ಮೆಷೀನಿನ ಹೊಟ್ಟೆ ಬಿಚ್ಚಿಕೊಂಡು ಕೂತು.
ಕೊಟ್ಟ ನೀರನ್ನ ಹಿಂದಕ್ಕೆ ಇಸಕೊಳ್ಳೋದು, ಅದು ವಿದ್ಯೆ.
ಮೂರನೇ ಸಲ ತಾಮ್ರದ ತಂತಿ ಸುತ್ತುತ್ತಿದ್ದರು.
ಸುಟ್ಟ ವಾರ್ನಿಷ್ಷಿನ ವಾಸನೆ. ಪಕ್ಕದಲ್ಲಿ ಆರಿದ ಚಹಾ.

ಆ ಪಾಠ ನನಗೆ ಆಗಲೇ ಆಗಿತ್ತು.
ಆಷಾಢ ಕಳೆದ ಮೊದಲ ಮುಹೂರ್ತ, ಸರಸ್ವತಿಪುರಂ ಛತ್ರ.
ಒಂದು ಮದುವೆ ಇಳಿದು ಇನ್ನೊಂದು ಏರುವ ನಡುವೆ
ನಮಗೆ ಸಿಕ್ಕಿದ್ದು ಐದು ತಾಸು,
ನೂರಿಪ್ಪತ್ತು ಅಡಿ ಕೆಂಪು ಕಾರ್ಪೆಟ್ಟು.
ಅಕ್ಷತೆ, ಪಾಯಸ, ಯಾರದೋ ಮಗುವಿನ ವಾಂತಿ,
ಜರಿಯ ಎಳೆ, ತುಳಿದು ತುಳಿದು ಮೇಣವಾದ ಮಲ್ಲಿಗೆ
ಎಲ್ಲ ಹೋಯಿತು. ನೀರು ಹೋಗಲಿಲ್ಲ.
ಬೆಳಗ್ಗೆ ಗಂಡಿನ ಕಡೆಯವರು ಕಾಲಿಟ್ಟಲ್ಲೆಲ್ಲ
ಪಚಕ್ ಪಚಕ್.
ಒದ್ದೆ ನಾಯಿಯ ವಾಸನೆ, ಸಾಂಬ್ರಾಣಿಗೂ ಬಗ್ಗದ್ದು.
ಮ್ಯಾನೇಜರ್ ಶ್ರೀಕಂಠಾರಾಧ್ಯರು ಬಯ್ಯಲಿಲ್ಲ,
ಬಿಲ್ಲಿನ ಅರ್ಧಕ್ಕೆ ಗೀಟು ಎಳೆದರು
ನೀಟಾಗಿ, ಸ್ಕೇಲು ಇಟ್ಟು.

ಅದಕ್ಕೇ ಹೆಬ್ಬಾಳದ ಶೋರೂಮಿಗೆ ಹೋದದ್ದು, ನಾನು, ಚೆಲುವ.
ಸೇಲ್ಸಿನ ಹುಡುಗ ಹೊಚ್ಚ ಹೊಸ ತುಂಡಿನ ಮೇಲೆ
ಎದುರಿಗೇ ಕಾಫಿ ಚೆಲ್ಲಿ ಎದುರಿಗೇ ಎತ್ತಿ ತೋರಿಸಿದ.
ಈಗ ಚೆಲ್ಲಿದ್ದನ್ನ ಈಗ ಎತ್ತೋಕೆ ನನ್ನ ಸೆರಗು ಸಾಕಪ್ಪ ಅಂದೆ.
ಚೆಲುವ ಚೀಲ ಬಿಚ್ಚಿದ:
ಲಾಡ್ಜೊಂದರ ಮೆಟ್ಟಿಲಿಂದ ಕಿತ್ತು ತಂದದ್ದು,
ಒಂಬತ್ತು ವರ್ಷದ ಎಲೆಅಡಿಕೆ ಅದರೊಳಗೆ.
ಇದಕ್ಕೆ ಹಾಕು.

ಎರಡು ಮೋಟರು ಮೇಡಂ, ಒಳಗೇ ಹೀಟರು,
ಪಂಪಿನ ಒತ್ತಡ ಇಷ್ಟು, ಹೀರೋ ಶಕ್ತಿ ಇಷ್ಟು.
ನನ್ನ ಕೈಯಲ್ಲಿ ಸಾಬರು ಬರೆಸಿದ ಚೀಟಿ.
ಕಾರ್ಬನ್ ಬ್ರಷ್ ಮೈಸೂರಲ್ಲೇ ಸಿಗುತ್ತಾ.
ಛತ್ರದ ಹಳೇ ವೈರಿಂಗು ಹೀಟರನ್ನ ತಡೆಯುತ್ತಾ.
ಬೋರಿನ ಗಡಸು ನೀರಿಗೆ ಕಾಯಿಲು ಎಷ್ಟು ತಿಂಗಳು.
ಕೊನೆಯದು ಮಾತ್ರ ನನ್ನದೇ ಪ್ರಶ್ನೆ:
ಕೊಳೆನೀರಿನ ಮುಚ್ಚಳದಲ್ಲಿ ಒಳಗಿನದು ಕಾಣುತ್ತಾ.

ಹುಡುಗ ನಕ್ಕ. ಅವನಿಗೇನು ಗೊತ್ತು
ಯಾದವಗಿರಿಯ ಡಾಕ್ಟರಮ್ಮ ಕಾರ್ಪೆಟ್ಟು ನೋಡಿ ದುಡ್ಡು ಕೊಟ್ಟವರಲ್ಲ,
ಮೊದಲೂ ಚೆನ್ನಾಗೇ ಇತ್ತಲ್ಲ ಅಂದವರು.
ಬಕೆಟ್ಟಿಗೆ ಬಗ್ಗಿಸಿದ ಡಿಕಾಕ್ಷನ್ನಿನಂಥ ನೀರು ಕಂಡ ಮೇಲೆ
ಬಾಯಿಗೆ ಕೈಯಿಟ್ಟು, ಇದರ ಮೇಲಾ ನಾವು ಕೂತದ್ದು ಅಂತ
ಎರಡು ಸೋಫಾವನ್ನೂ ಒಪ್ಪಿಸಿದರು.

ಎಲೆಅಡಿಕೆ ಪೂರ್ತಿ ಹೋಗಲಿಲ್ಲ. ಇಟ್ಟಿಗೆ ಬಣ್ಣಕ್ಕೆ ಇಳಿದು ನಿಂತಿತು.
ನಾನು ಕಲೆ ನೋಡುತ್ತಿರಲಿಲ್ಲ.
ತುಂಡಿನ ಮೇಲೆ ಹಳೇ ಪೇಪರು ಹಾಸಿ, ಚಪ್ಪಲಿ ಬಿಟ್ಟು
ಅದರ ಮೇಲೆ ಹತ್ತಿ ನಿಂತೆ. ನೂರು ಎಣಿಸಿದೆ.
ತೆಗೆದರೆ ಅಕ್ಷರ ನೆಂದಿರಲಿಲ್ಲ.
ಆ ದೊಡ್ಡದು ಬೇಡ, ಇದೇ ಸಾಕು.
ಇಪ್ಪತ್ನಾಲ್ಕು ಕಂತು.

ಪೂಜೆಯ ದಿನ ಅರಿಶಿನ ಕೈಗೆತ್ತಿಕೊಂಡ ಚೆಲುವನನ್ನು ತಡೆದೆ.
ಯಾವ ಮೆಷೀನಿಗೂ ಬಗ್ಗದ ಕಲೆ ಅದು, ವಿಭೂತಿ ಹಚ್ಚು.
ಹಳೆಯದನ್ನು ಮಾರಲಿಲ್ಲ. ಹೊಸದು ಮೆಟ್ಟಿಲು ಹತ್ತೋದಿಲ್ಲ, ಆನೆ.
ಕುಚ್ಚುಗಳಿಗೆ ಈಗಲೂ ಹಲ್ಲುಜ್ಜುವ ಬ್ರಷ್ಷು,
ಈಗಲೂ ಚೆಲುವನೇ ಕುಕ್ಕರುಗಾಲಲ್ಲಿ.

ಮತ್ತೆ ಅದೇ ಛತ್ರ, ರಾತ್ರಿ ಮೂರು ಗಂಟೆ.
ಆರಾಧ್ಯರು ಬರಿಗಾಲಲ್ಲಿ ಬಾಗಿಲಿಂದ ಮಂಟಪದವರೆಗೆ ನಡೆದರು,
ಹಿಂದೆ ಬಂದರು. ಏನೂ ಹೇಳಲಿಲ್ಲ.
ಕೊಳೆನೀರು ಚೆಲ್ಲುವಾಗ ಜಾಲರಿಯಲ್ಲಿ ಸಿಕ್ಕಿತ್ತು
ಒಂದು ಮೂಗುಬೊಟ್ಟಿನ ತಿರುಪು. ಎಳ್ಳಿನಷ್ಟು. ಚಿನ್ನ.
ಯಾವ ಮದುವೆಯದೋ.
ಹಳೆಯದಕ್ಕೆ ಇದನ್ನು ಎಳೆಯುವ ಉಸಿರಿರಲಿಲ್ಲ.
ಅವರ ಅಂಗೈಗೆ ಹಾಕಿದೆ.
ಡ್ರಾಯರ್ ಎಳೆದು, ಕಾಗದದಲ್ಲಿ ಮಡಿಸಿ, ತಾರೀಕು ಬರೆದು
ಸ್ಕೇಲಿನ ಪಕ್ಕದಲ್ಲಿಟ್ಟರು.